ಹುಣಸೆಹುಳಿಯಲ್ಲಿ ತಿಕ್ಕಿದ ಬಾಕು

ಗಲ್ಫಿನ ಕರಾಮದಲ್ಲಿರುವ ತಮ್ಮ ಫ್ಲ್ಯಾಟಿನಲ್ಲಿ ಐರಿನ್ ಆಂಟಿ ಬಂಗುಡೆ ಸಾರಿನ ಪಾತ್ರೆಯನ್ನು ಬದಿಗೆ ಸರಿಸಿ, ಒಂದು ಜಪಾನಿ ಬಾಕುವನ್ನು ಮೇಜಿನ ಮೇಲಿಟ್ಟರು. ತೀರಿಹೋದ ಅಂಕಲ್‌ಗೆ ರುವೈಸ್‌ನ ರಿಫೈನರಿಯಲ್ಲಿ ಜೊತೆಗಿದ್ದ ಜಪಾನಿ ಎಂಜಿನಿಯರ್ ಕೊಟ್ಟದ್ದಂತೆ. ವಿಚಿತ್ರ ಆಕಾರ. ಹರಿತ ಇದ್ದದ್ದು ಒಳಬಾಗಿದ ಕಡೆಗೆ, ನಮ್ಮ ಕುಡುಗೋಲಿನ ಹಾಗೆ.

"ನೀನು ಮ್ಯೂಸಿಯಮ್ಮಿನವನಲ್ಲವಾ? ಎಷ್ಟು ಹಳತು ಹೇಳು ನೋಡುವ."

ಇಂಥ ಬಾಕುವಿನ ವಯಸ್ಸು ತಿಳಿಯುವುದು ಹಿಡಿಯೊಳಗೆ ಅಡಗಿದ ಕಬ್ಬಿಣದ ಕಪ್ಪು ತುಕ್ಕು ನೋಡಿ. ತಿಳಿದವರು ಯಾರೂ ಅದನ್ನು ಉಜ್ಜುವುದಿಲ್ಲ. ಬಿದಿರಿನ ಮೊಳೆ ತೆಗೆದು ಹಿಡಿ ಬಿಚ್ಚಿದೆ. ಒಳಗೆಲ್ಲ ಬೆಳ್ಳಿಯಂತೆ ಫಳಫಳ!

"ಪ್ರತಿ ಕ್ರಿಸ್‌ಮಸ್ಸಿಗೆ ಅವರೇ ಬಿಚ್ಚಿ, ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು," ಆಂಟಿ ನಕ್ಕರು. "ಬನಿಯನ್ನಿನಲ್ಲೇ ಬಾಲ್ಕನಿಯಲ್ಲಿ ಕೂತು, ಹಾಡು ಹೇಳಿಕೊಂಡು. ತುಕ್ಕು ಕಂಡರೆ ಅವರಿಗೆ ಆಗ್ತಿರಲಿಲ್ಲ ಮಾರಾಯ."

ಇದರ ವಯಸ್ಸು ಇನ್ನು ಯಾರಿಗೂ ಹೇಳಲಾಗದು ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೊಳೆಯ ತೂತಿನ ಪಕ್ಕ ಸಾಸಿವೆಯಷ್ಟು ಕೆಂಪು ತುಕ್ಕು ಕಂಡಿತು. ತೀರಾ ಹೊಸದು.

ಆಂಟಿ ಅದನ್ನು ಬೆರಳಿನಿಂದ ಮುಟ್ಟಿದರು.

"ಹೋದ ಕ್ರಿಸ್‌ಮಸ್ಸಿಗೆ ಅವರಿರಲಿಲ್ಲವಲ್ಲ," ಎಂದರು. ಬಿಚ್ಚಿಟ್ಟ ಹಿಡಿಯನ್ನು ನನ್ನ ಕಡೆಗೆ ಸರಿಸಿ, "ಇರಲಿ, ಇದನ್ನು ತಿಕ್ಕುವುದು ಬೇಡ."