ಮೂರನೇ ಕಾಟಾಕ್ಕೆ ಬಂದ ಸಿಗ್ನಲ್

ಕಂಪ್ಯೂಟರ್ ನಂಬಿ ಅನ್ನ ತಿನ್ನುವವನು ನಾನು. ಯಂತ್ರಕ್ಕೂ ಸೇಡು ತಿಳಿಯುತ್ತದೆ ಎಂದು ಯಾರಾದರೂ ಅಂದಿದ್ದರೆ ಮುಖದ ಮೇಲೇ ನಗುತ್ತಿದ್ದೆ. ಈಗ ನಗುವುದಿಲ್ಲ.

ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ಟ್ರ್ಯಾಕ್ಟರ್ ತೂಗುವ ನಾಲ್ಕು ಕಾಟಾಗಳು. ನಾಲ್ಕನ್ನೂ ನಡೆಸುವ ಪ್ರೋಗ್ರಾಂ ಬರೆದವಳು ಬೇಡಕಿಹಾಳದ ಶಬಾನಾ ಅಕ್ಕ. ನನಗೆ ಕೆಲಸ ಕಲಿಸಿದವಳೂ ಅವಳೇ. ಪ್ರೋಗ್ರಾಂ ಒಂದೇ, ಅದರೊಳಗೆ ಕಾಟಾಕ್ಕೊಂದು ಥ್ರೆಡ್, ಒಂದೇ ಮನೆಯಲ್ಲಿ ಬೇರೆ ಬೇರೆ ಕೆಲಸ ಹಿಡಿದ ಮಂದಿಯ ಹಾಗೆ. ಯಾವುದೋ ಕಾಟಾದ ಕೆಳಗೆ ರಾಡಿ ಕೂತರೆ ಆ ಥ್ರೆಡ್‌ಗಷ್ಟೇ ಸಿಗ್ನಲ್ ಕಳಿಸಿ ನಿಲ್ಲಿಸುತ್ತಿದ್ದೆವು. ತೊಳೆದ ಮೇಲೆ ಇನ್ನೊಂದು ಸಿಗ್ನಲ್, ಮತ್ತೆ ಶುರು. "ಒಬ್ಬನ್ನ ಎಬ್ಬಸಾಕ ಮನಿ ಮಂದಿನೆಲ್ಲಾ ಯಾಕ ಎಬ್ಬಸ್ತಿ?" ಎನ್ನುತ್ತಿದ್ದಳು ಅಕ್ಕ.

ಮ್ಯಾನೇಜರ್ ವಿಲಾಸ ಸಾಹೇಬರು ಅದು ತಮ್ಮ ಪ್ರೋಗ್ರಾಂ ಎಂದು ಹೇಳಿಕೊಂಡು ತಿರುಗಿದರು. ಅಕ್ಕ ಕೇಳಲು ಹೋದಾಗ, ಡ್ರೈವರುಗಳೆಲ್ಲ ನೋಡುತ್ತಿದ್ದಂತೆ, "ಟೈಪ್ ಮಾಡಾಕಿ ನೀ, ಅಷ್ಟರಾಗ ಇರು" ಎಂದು ಕೆಲಸದಿಂದ ತೆಗೆದರು. ಅವಳು ಊಟದ ಡಬ್ಬಿ ತೆಗೆದುಕೊಂಡು ಹೋದಳು. ಪ್ರೋಗ್ರಾಂನಲ್ಲಿ ಅವಳೇನಾದರೂ ಬಚ್ಚಿಟ್ಟು ಹೋಗಿದ್ದಾಳೆಯೇ ಎಂದು ಸಾಲು ಸಾಲು ಓದಿದವನು ನಾನೇ. ಏನೂ ಇರಲಿಲ್ಲ. ಇರಬೇಕಿತ್ತು ಎಂದು ಹಲ್ಲು ಕಡಿದೆ.

ಡೈರೆಕ್ಟರುಗಳು ಬಂದ ಮಧ್ಯಾಹ್ನ ಸಾಹೇಬರು ಮೂರನೇ ಕಾಟಾದ ಮುಂದೆ ನಿಂತು, "ಇದನ್ನ ನಾನ ಬರ್ದದ್ರಿ" ಎಂದರು. ಆ ಕಾಟಾದ ತೂಕದ ಅಂಕಿ ಅಲ್ಲೇ ನಿಂತಿತು. ಉಳಿದ ಮೂರು ನಡೆದೇ ಇದ್ದವು. ಕಂಪ್ಯೂಟರಿನಲ್ಲಿ ನೋಡಿದರೆ ಆ ಥ್ರೆಡ್‌ಗೆ ನಿಲ್ಲುವ ಸಿಗ್ನಲ್ ಬಂದಿದೆ, ಕಳಿಸಿದ್ದು ಅದೇ ಪ್ರೋಗ್ರಾಂ! ನಾನು ಶುರುವಿನ ಸಿಗ್ನಲ್ ಕಳಿಸಿದೆ. ಊಹುಂ. ಸಾಹೇಬರ ಬೆವರು ನೋಡಿ, ನಿಜ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು.

ಹಿಂದೆ ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯತೊಡಗಿದವು. "ನೀವ ಬರ್ದದ್ದಲ್ಲ? ಚಾಲೂ ಮಾಡ್ರಿ ಮತ್ತ," ಎಂದರು ಹಿರಿಯ ಡೈರೆಕ್ಟರು. ಸಾಹೇಬರು ಕೈಗೆ ಸಿಕ್ಕ ಕೀಲಿಯನ್ನೆಲ್ಲ ಒತ್ತಿದರು. ಕೊನೆಗೆ ನೆಲ ನೋಡುತ್ತ, "ಶಬಾನಾ ಬರ್ದಾಳ್ರಿ," ಎಂದರು.

ಅಂಕಿ ಓಡತೊಡಗಿತು. ನನ್ನ ಎರಡೂ ಕೈ ಜೇಬಿನಲ್ಲಿದ್ದವು.

ಆ ಕಂಪ್ಯೂಟರಿಗೆ ಹೊರಗಿನ ಸಂಪರ್ಕವೇ ಇರಲಿಲ್ಲ. ಪ್ರೋಗ್ರಾಂ ಮತ್ತೆ ಓದಿದೆ. ಹಾಗೆ ಸಿಗ್ನಲ್ ಕಳಿಸುವ ಒಂದು ಸಾಲೂ ಇಲ್ಲ. ಹೇಗಾಯಿತೆಂದು ಇಂದಿಗೂ ತಿಳಿಯದು. ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೇಗೆ ಎಂದು ಅವಳು ಕೇಳಲಿಲ್ಲ.

"ಸಾಹೇಬ್ರು ಅಂದದ್ದನ್ನ ಡ್ರೈವರ್ ಮಂದಿ ಕೇಳಿದ್ರೇನ?" ಎಂದಳು.

"ಹಾರ್ನ್ ಗದ್ದಲದಾಗ ಅವರಿಗೆ ಕೇಳಿರಾಕಿಲ್ಲ ಅಕ್ಕಾ."

"ಹಂಗಾರ ಇನ್ನೂ ಆಗಿಲ್ಲ," ಎಂದು ಫೋನ್ ಇಟ್ಟಳು.

ಮರುದಿನ ಮುಂಜಾನೆ ನಾಲ್ಕೂ ಕಾಟಾ ನಿಂತವು.