ಅಕ್ಕನ ಹೋಲ್‌ಸ್ಟರ್, ನನ್ನ ಕಾರು

ಅಪ್ಪ ಇದ್ದದ್ದು ಐರ್ಲೆಂಡಿನ ಕ್ಲಾಂಡಾಲ್ಕಿನ್ನಿನಲ್ಲಿರುವ ನನ್ನ ಬಾಡಿಗೆ ಮನೆಯಲ್ಲಿ. ಮನಸ್ಸಿನ ವಾಸ ಮಾತ್ರ ಅಕ್ಕನಿರುವ ಟೆಕ್ಸಸ್ಸಿನಲ್ಲಿ.

ಕೆಲವು ವಾರ ಇದ್ದು ಹೋಗಲೆಂದು ಮೈಸೂರಿನಿಂದ ಬಂದವರು, ಲಾಕ್‌ಡೌನ್ ಶುರುವಾಗಿ ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿ. ಅಪ್ಪ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಶಾಲೆಯ ಚರ್ಚಾಸ್ಪರ್ಧೆಗಳಿಗೆ ನನ್ನನ್ನು ತಯಾರು ಮಾಡಿದವರು ಅವರೇ. ಊಟಕ್ಕೆ ಕೂತಲ್ಲೇ ಮೊದಲು ವಿಷಯದ ಪರ ಮಾತಾಡಿಸಿ, ಅನ್ನ ಬಡಿಸುವ ಹೊತ್ತಿಗೆ ವಿರೋಧವಾಗಿ ಮಾತಾಡಿಸುತ್ತಿದ್ದರು. ಅಕ್ಕ ಅಷ್ಟರಲ್ಲಿ ಉಂಡು ಎದ್ದಿರುತ್ತಿದ್ದಳು. ಈಗ ಅಪ್ಪ ನನಗೊಬ್ಬಳಿಗೇ ಸಿಕ್ಕಿದ್ದಾರೆ, ದಿನಾ ಸಂಜೆ ವಾದ ಮಾಡಬಹುದು ಎಂದುಕೊಂಡೆ.

ಆ ಸಂಜೆಗಳನ್ನು ಅಕ್ಕ ಕಿತ್ತುಕೊಂಡಳು.

ಟೆಕ್ಸಸ್ಸಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮನೆಯಿಂದ ದೂರದ ದಾರಿ. ಜನರೆಲ್ಲ ಮನೆ ಸೇರಿದ್ದರಿಂದ ರಸ್ತೆ ಬಿಕೋ ಎನ್ನುತ್ತಿತ್ತು. ಅಲ್ಲಿನ ಕಾನೂನಿನಂತೆಯೇ ಒಂದು ಪುಟ್ಟ ರಿವಾಲ್ವರ್ ಕೊಂಡಿದ್ದಳು. ಬಲ ಸೊಂಟಕ್ಕೆ ಕಟ್ಟಿಕೊಂಡು ಕಾರಿನಲ್ಲಿ ಕೂತರೆ ಸೀಟ್ ಬೆಲ್ಟಿನ ಬಕಲ್ ಸರಿಯಾಗಿ ಅದರ ಮೇಲೇ ಬರುತ್ತಿತ್ತು. ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟರೆ, ಒಮ್ಮೆ ಬ್ರೇಕ್ ಹಾಕಿದಾಗ ಜಾರಿ ಕಾಲ ಬುಡಕ್ಕೆ ಬಿತ್ತು. ‘ಅಪ್ಪಾ, ಏನ್ಮಾಡ್ಲಿ?’ ಎಂದು ಫೋನಿನಲ್ಲಿ ಕೇಳಿದಳು. ಅಪ್ಪನಿಗೆ ಅಷ್ಟೇ ಸಾಕಾಯಿತು.

ಅವರ ಉತ್ತರ ಕ್ರಾಸ್‌ಡ್ರಾ. ರಿವಾಲ್ವರ್ ಸಿಕ್ಕಿಸುವ ಚೀಲ, ಅಂದರೆ ಹೋಲ್‌ಸ್ಟರ್, ಎಡ ಸೊಂಟದ ಮುಂದೆ, ರಿವಾಲ್ವರಿನ ಹಿಡಿ ಬಲಗೈ ಕಡೆಗೆ. ಕೂತಲ್ಲೇ ಹೊಟ್ಟೆಯ ಮೇಲೆ ಕೈ ಹಾಯಿಸಿದರೆ ಸಿಗಬೇಕು. ಸರ್ವಿಸ್ ಪೂರ್ತಿ ಅವರು ಕಟ್ಟಿದ್ದು ಹಾಗೆಯೇ.

‘ಗಿಡ್ಡ ನಳಿಕೆದು ಕಣಮ್ಮ, ಮೇಲ್ಗಡೆ ಭಾರ. ಒಂದೇ ಲೂಪಿಂದಾದ್ರೆ ಆಚೆಗೆ ವಾಲ್ಕೊಳ್ಳತ್ತೆ. ಬೆಲ್ಟ್ ತೂರ್ಸೋ ಸೀಳು ಎರಡಿರ್ಲಿ, ದೂರ ದೂರ ಇರ್ಲಿ. ಟ್ರಿಗರ್ ಪೂರ್ತಿ ಮುಚ್ಚಿರ್ಬೇಕು. ಬೆಲ್ಟೂ ಗಟ್ಟಿದಿರ್ಬೇಕು, ನಿಮ್ಮ ಫ್ಯಾಷನ್ ಬೆಲ್ಟಲ್ಲ.’

ನಿಂತೂ ನಿಂತೂ ನನ್ನ ಕಾರಿನ ಬ್ಯಾಟರಿ ಸತ್ತಾಗ ಇದೇ ಅಪ್ಪ ‘ಮೆಕ್ಯಾನಿಕ್‌ನ ಕರಿ’ ಎಂದು ಟೀವಿ ಕಡೆ ತಿರುಗಿದ್ದರು. ಅವಳ ಬೆಲ್ಟಿನ ದಪ್ಪಕ್ಕೆ ಒಂದು ವಾರದ ಸಂಜೆಗಳು ಹೋದವು. ಬಂದೂಕಿನ ಬಗ್ಗೆ ನನಗೆ ತಾತ್ವಿಕ ವಿರೋಧ ಇತ್ತು, ಈಗಲೂ ಇದೆ. ಆದರೆ ಆಗ ನನ್ನನ್ನು ಸುಡುತ್ತಿದ್ದದ್ದು ತತ್ವವಲ್ಲ.

ಒಂದು ಭಾನುವಾರ, ಅವರ ಉತ್ತರ ತಪ್ಪೆಂದು ತೋರಿಸಲು, ಅಪ್ಪನನ್ನು ಮನೆ ಮುಂದೆ ನಿಂತಿದ್ದ ಕಾರಿಗೆ ಕರೆದೆ. ಮನೆಯಿಂದ ಐದು ಕಿಲೋಮೀಟರಿನ ಆಚೆ ಹೋಗುವ ಹಾಗಿರಲಿಲ್ಲವಾದ್ದರಿಂದ ಕಾರಿಗೂ ಬೇರೆ ಕೆಲಸವಿರಲಿಲ್ಲ. ಅಕ್ಕನಿಗೆ ವೀಡಿಯೊ ಕರೆ ಮಾಡಿ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದೆ. ನಾನು ಸ್ಟೀರಿಂಗ್ ಮುಂದೆ, ಅಪ್ಪ ನನ್ನ ಎಡಕ್ಕೆ. ರಿವಾಲ್ವರಿನ ಬದಲು ಸ್ಯಾನಿಟೈಸರ್ ಬಾಟಲಿಯನ್ನು, ಅದರ ಬಾಯಿಯೇ ನಳಿಕೆ ಎಂಬಂತೆ, ತಲೆಕೆಳಗಾಗಿ ಎಡ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ, ಎಲ್ಲ ಸರಿಯಿದೆಯೇ ಎಂದು ಕೇಳಿದರು. ‘ಗ್ರ್ಯಾಂಡ್, ಗ್ರ್ಯಾಂಡ್’ ಎಂದರು ಅಪ್ಪ. ಎಲ್ಲ ಚೆನ್ನಾಗಿದೆ ಎನ್ನಲು ಐರ್ಲೆಂಡಿನಲ್ಲಿ ಅವರು ಕಲಿತದ್ದು ಅದೊಂದೇ ಪದ.

‘ಮೊದಲನೇ ಆಕ್ಷೇಪಣೆ,’ ಎಂದು ಸೀಟ್ ಬೆಲ್ಟ್ ಹಾಕಿದೆ. ‘ಬಕಲ್ ಎಲ್ಲಿ ಬಂತು ನೋಡಿ. ಹೋಲ್‌ಸ್ಟರ್ ಮೇಲೇ. ಎರಡನೇದು, ನಳಿಕೆ ಯಾರ ಕಡೆ ಐತೆ? ಪಕ್ಕದ ಸೀಟಿನ ಕಡೆ. ಅಂದ್ರೆ ನಿಮ್ಮ ಕಡೆ. ನಿಮ್ಮ ಕ್ರಾಸ್‌ಡ್ರಾ ಕಥೆ ಮುಗೀತು.’

ಅಪ್ಪ ಬಾಟಲಿಯನ್ನು ನೋಡಿದರು, ಬಕಲನ್ನು ನೋಡಿದರು. ಗೆದ್ದೆ ಎಂದುಕೊಂಡೆ.

‘ಏ ಮಹಾತಾಯಿ,’ ಎಂದಳು ಅಕ್ಕ ಫೋನಿನೊಳಗಿಂದ. ‘ನಿನ್ನ ಸ್ಟೀರಿಂಗ್ ಯಾವ್ ಕಡೆ ಐತೆ? ನಂದು ಎಡಕ್ಕೆ ಕಣೇ! ನನ್ನ ಬಕಲ್ ಬಲಕ್ಕೆ ಬರತ್ತೆ. ನನ್ನ ಎಡಕ್ಕಿರೋದು ಬಾಗ್ಲು.’

ಅಪ್ಪ ಸೀಟು ಅಲುಗುವಂತೆ ನಕ್ಕರು. ಬಾಟಲಿ ಕಿತ್ತು ಎಸೆಯಬೇಕೆನಿಸಿತು. ಊಟಕ್ಕೆ ಕೂತಾಗ ಒಂದು ದಿನವೂ ವಾದ ಮಾಡದವಳು ಒಂದೇ ಮಾತಿನಲ್ಲಿ ನನ್ನ ಎರಡೂ ಅಂಶಗಳನ್ನು ಹೊಡೆದುಹಾಕಿದ್ದಳು.

ನಗು ಇದ್ದಕ್ಕಿದ್ದಂತೆ ನಿಂತಿತು. ‘ನನ್ನ ಜೀಪಿಗೂ ಸ್ಟೀರಿಂಗ್ ಬಲಕ್ಕೇ ಇತ್ತಲ್ಲ,’ ಎಂದರು ಅಪ್ಪ. ‘ಅದಕ್ಕೆ ಬೆಲ್ಟಿರ್ಲಿಲ್ಲ, ಹಂಗಾಗಿ ಬಕಲ್ ತಲೆಗೇ ಬರ್ಲಿಲ್ಲ. ಆದ್ರೆ ನಳಿಕೆ... ಬೆಳಿಗ್ಗೆ ನಿಮ್ಮಿಬ್ರನ್ನೂ ಶಾಲೆಗೆ ಬಿಟ್ಟು ಸ್ಟೇಷನ್ನಿಗೆ ಹೋಗ್ತಿದ್ದೆ.’

ಆ ಜೀಪಿನಲ್ಲಿ ಅಪ್ಪನ ಪಕ್ಕದ ಸೀಟು ಅಕ್ಕನದು. ಆ ಸೀಟಿಗಾಗಿ ನಾನು ಅತ್ತ ಬೆಳಗುಗಳಿಗೆ ಲೆಕ್ಕವಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅವಳ ಜಡೆಯನ್ನೇ ದಿಟ್ಟಿಸುತ್ತಿದ್ದೆ.

‘ಅಂದ್ರೆ ನನ್ನ ಕಡೆಗಿತ್ತಾ ಅಪ್ಪಾ?’ ಅಕ್ಕನ ದನಿ ಸಣ್ಣದಾಯಿತು.

ಅಪ್ಪ ಫೋನಿನ ಹತ್ತಿರಕ್ಕೆ ಬಾಗಿದರು. ‘ಗೊತ್ತಾಗ್ಲಿಲ್ಲ ಕಣಮ್ಮ,’ ಎಂದರು. ಅವರ ಬೆನ್ನು ಕಂಡು ನನ್ನ ಹೊಟ್ಟೆ ಉರಿಯಿತು. ನಳಿಕೆಯ ಮುಂದೆ ಕೂತದ್ದರ ಪುಣ್ಯವೂ ಇವಳಿಗೇ ಸಿಗಬೇಕೆ!

‘ಆಕ್ಷೇಪಣೆ,’ ಎಂದೆ. ‘ಹಿಡಿ ಮುಂದಕ್ಕಿದ್ರೆ ನಳಿಕೆ ಹಿಂದಕ್ಕಿರತ್ತೆ. ನೇರ ಪಕ್ಕಕ್ಕಲ್ಲ, ಓರೆಯಾಗಿ ಹಿಂದಕ್ಕೆ. ಅಲ್ಲಿ ಕೂರ್ತಿದ್ದಿದ್ದು ನಾನು.’

‘ಇದಕ್ಕೂ ಪೈಪೋಟಿನಾ?’ ಎಂದಳು ಅಕ್ಕ.

‘ಹೌದು.’

ಅಪ್ಪನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಬಾಟಲಿ ಕೊಟ್ಟು, ನಾನು ಹಿಂದಿನ ಎಡ ಸೀಟಿಗೆ ಹೋದೆ. ಬಾಟಲಿಯನ್ನು ತಮ್ಮ ಹಳೆಯ ರೂಢಿಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡ ಅಪ್ಪ, ಅದರ ಬಾಯಿ ತೋರಿದ ದಿಕ್ಕು ಹಿಡಿದು ಮೆಲ್ಲಗೆ ತಿರುಗಿದರು. ಅವರ ಕಣ್ಣು ನನ್ನ ಮೊಣಕಾಲಿನ ಹತ್ತಿರ ಬಂದು ನಿಂತಿತು.

‘ಹೌದು. ನೀನೇ.’ ಮುಂದಕ್ಕೆ ತಿರುಗಿ ಒಳಗನ್ನಡಿ ಸರಿಮಾಡಿಕೊಂಡರು. ಕನ್ನಡಿಯಲ್ಲಿ ನಮ್ಮ ಕಣ್ಣುಗಳು ಸೇರಿದವು. ‘ಅವ್ಳು ಪಕ್ಕದಲ್ಲಿದ್ಲು, ರಸ್ತೆ ಬಿಟ್ಟು ಅತ್ಲಾಗೆ ನೋಡೋಕಾಗ್ತಿರ್ಲಿಲ್ಲ. ಕನ್ನಡೀಲಿ ದಿನಾ ಕಾಣ್ತಿದ್ದಿದ್ದು ನೀನು. ಮೂತಿ ಊದಿಸ್ಕೊಂಡಿರ್ತಿದ್ದೆ.’

‘ಆ ಜೀಪಿಗೆ ಒಳಗಡೆ ಕನ್ನಡಿನೇ ಇರ್ಲಿಲ್ಲ,’ ಎಂದೆ.

‘ಇತ್ತು.’

‘ಇರ್ಲಿಲ್ಲ. ಪುರಾವೆ ಕೊಡಿ.’

‘ಇಲ್ಲ ಅನ್ನೋಳು ನೀನು, ಪುರಾವೆ ನೀನು ಕೊಡು.’

‘ಇತ್ತು ಅಂದೋರ ಮೇಲೆ ಹೊಣೆ, ನೀವೇ ಕಲಿಸಿದ್ದು!’

‘ಅಪ್ಪಾ,’ ಎಂದಳು ಅಕ್ಕ, ‘ಎರಡು ಸೀಳಿಂದೇ ಆರ್ಡರ್ ಮಾಡ್ಲಾ? ಎಡಕ್ಕೇ ತಾನೆ? ಹಲೋ?’

‘ತಡಿಯಮ್ಮ, ಸ್ವಲ್ಪ ಇರು,’ ಎಂದು ಅಪ್ಪ ಅತ್ತ ನೋಡದೆ ಕೈ ಎತ್ತಿದರು. ‘ಇವಳಿಗೆ ಮೊದ್ಲು ಉತ್ತರ ಕೊಡ್ಬೇಕು.’