ಯಿಶುನ್ ಅಳಿಸಿದ ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಾನು ಯಿಶುನ್ ಅನ್ನು ಅಳಿಸಿಹಾಕಿದೆ.

ಸಿಂಗಾಪುರದ ಆ ಊರನ್ನಲ್ಲ. ಆ ಹೆಸರಿನ ಒಂದು ಕಂಪ್ಯೂಟರನ್ನು. ಅದೂ ನಿಜವಾದದ್ದಲ್ಲ. ನಮ್ಮ ಮನೆಯ ಮೂಲೆಯಲ್ಲಿ ಗುಂಯ್‌ಗುಡುವ ಹಳೆಯ ಸರ್ವರ್‌ಗೆ ಓಪನ್ ಸೋರ್ಸ್ ಲಿನಕ್ಸ್ ಹಾಕಿ, ಅದರ ಹೊಟ್ಟೆಯಲ್ಲಿ ಐದು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರು, ಕೂರಿಸಿದ್ದೇವೆ. ಒಂದೇ ಫ್ಲ್ಯಾಟಿನಲ್ಲಿ ರೂಮಿಗೊಬ್ಬ ಬಾಡಿಗೆದಾರ ಇದ್ದ ಹಾಗೆ. (ಈಗ ಎಲ್ಲ ಆಫೀಸಿನಲ್ಲೂ ಇದೇ ಜಪ.) ಸಾಫ್ಟ್‌ವೇರ್ ಪುಕ್ಕಟೆ. ತಪ್ಪು ಮಾತ್ರ ಸ್ವಂತದ್ದು.

ಇಲ್ಲಿನ ಕನ್ನಡ ಬಳಗದಲ್ಲಿ ಯಾರಿಗೆ ಫೈಲ್ ಇಡಲು ಜಾಗ ಬೇಕೋ, ಅವರು ವಾಸವಿರುವ ಪ್ರದೇಶದ ಹೆಸರನ್ನೇ ಅವರ ಮೆಷಿನ್‌ಗೆ ಇಡುವುದು ನಮ್ಮ ಪದ್ಧತಿ. ಬಾಡಿಗೆ ಏರಿದಂತೆಲ್ಲ ಜನ ಮನೆ ಬದಲಿಸುವ ಸಿಂಗಾಪುರದಲ್ಲಿ ಇದಕ್ಕಿಂತ ದಡ್ಡ ಪದ್ಧತಿ ಇದೆಯೇ? ಬಳಗದ ಮಕ್ಕಳಿಗೆ ಕನ್ನಡ ಕಲಿಸುವ ಶ್ಯಾಮಲಾ ಆಂಟಿ ಯಿಶುನ್‌ನಿಂದ ಬುಕಿತ್ ಪಂಜಾಂಗ್‌ಗೆ ಶಿಫ್ಟ್ ಆದರು. ಹೊಸ ಹೆಸರಿನಲ್ಲಿ ಹೊಸ ಮೆಷಿನ್ ಮಾಡಿದೆ. ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದ್ದು ನನಗೆ ನೆನಪಿತ್ತು. ಆಗ ಮೇಲಿನ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದದ್ದೂ ನೆನಪಿತ್ತು.

ಹಳೆಯದನ್ನು ಅಳಿಸಿದ ಮೇಲೆ ನೋಡಿದರೆ, ಸಾಗಿಸಿರಲಿಲ್ಲ. ಹೊಸದು ಖಾಲಿ.

ಹೋದದ್ದು ಆಂಟಿಯ ಕಥೆಗಳು. ಕನ್ನಡ ಕ್ಲಾಸಿನ ಮಕ್ಕಳಿಗೆಂದು ಬಾಯಿಗೆ ಬಂದಂತೆ ಕಟ್ಟಿ ಹೇಳಿದ್ದವು. ರೆಕಾರ್ಡ್ ಮಾಡಿದ್ದೆವು, ಎಲ್ಲೂ ಬರೆದಿಟ್ಟಿರಲಿಲ್ಲ.

ಸರ್ವರ್ ನೋಡಿಕೊಳ್ಳುವುದರಲ್ಲಿ ನನ್ನ ಜೊತೆಗಾರ ರಘು. ಫೋನ್ ಮಾಡಿದೆ.

"ನೀನೇ ಮೂವ್ ಮಾಡಿದೀನಿ ಅಂದಿದ್ಯಲ್ಲೋ?"

"ಹಾಗಂತ ನೆನಪು."

"ನಿನ್ನ ನೆನಪಿಗೆ ಬ್ಯಾಕಪ್ ಇದೆಯಾ, ಮಾರಾಯ?"

ಇರಲಿಲ್ಲ. ಒಂದು ಯಂತ್ರದೊಳಗೆ ಐದು ಯಂತ್ರ ಇಡಬಲ್ಲವರಿಗೆ, ಒಂದು ಧ್ವನಿಯನ್ನು ಎರಡು ಕಡೆ ಇಡಬೇಕೆಂದು ಯಾಕೆ ಹೊಳೆಯುವುದಿಲ್ಲ?

ಸಂಜೆ ಆಂಟಿಯ ಬ್ಲಾಕಿನ ಕೆಳಗಿನ ತೆರೆದ ಅಂಗಳವಾದ ವಾಯ್ಡ್ ಡೆಕ್‌ಗೆ ಹೋದೆ. ಮಕ್ಕಳ ಕ್ಲಾಸ್ ನಡೆಯುತ್ತಿತ್ತು. ವಿಷಯ ಹೇಳಿದೆ.

"ಹೋಗ್ಲಿ ಬಿಡಿ," ಎಂದರು ಆಂಟಿ. "ಮತ್ತೆ ಹೇಳ್ತೀನಿ, ರೆಕಾರ್ಡ್ ಮಾಡ್ಕೊಳಿ."

"ಆಂಟಿ, ಮೊಸಳೆ ಸ್ಟೋರಿ ಫಸ್ಟ್ ಲಾ," ಎಂದಿತು ಒಂದು ಮಗು, ಇಲ್ಲಿನವರ 'ಲಾ' ಸೇರಿಸಿ.

ಆಂಟಿ ಶುರು ಮಾಡಿದರು: ಮೊಸಳೆ ಎಂಆರ್‌ಟಿ ರೈಲು ಹತ್ತಿತು. ಸೀಟು ಸಿಗಲಿಲ್ಲ. ಬಾಲವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿತು. ಅಲ್ಲಿಗೆ ಆಂಟಿಯೂ ನಿಂತರು.

"ಆಮೇಲೆ ಎಲ್ಲಿ ಇಳೀತು ಅದು?" ಎಂದು ಮಕ್ಕಳನ್ನೇ ಕೇಳಿದರು.

"ಬೆಡೋಕ್ ಸ್ಟೇಷನ್," ಎಂದಿತು ಒಂದು ಮಗು.

"ನೋ ಲಾ, ಝೂ," ಎಂದಿತು ಇನ್ನೊಂದು.

ಆಂಟಿ ನನ್ನ ಕಡೆ ತಿರುಗಿದರು. "ರೆಕಾರ್ಡ್ ಮಾಡುವಾಗ ಕೇಳಿಸ್ಕೊಂಡಿದ್ರಲ್ಲ, ನೀವೇ ಹೇಳಿ."

ಬೆಡೋಕ್ ಎಂದೇ ನನ್ನ ನೆನಪು, ಎಲ್ಲ ಸಾಗಿಸಿದ್ದೇನೆ ಎಂದಿದ್ದ ಅದೇ ನೆನಪು. ನೀವಾಗಿದ್ದರೆ ಬಾಯಿ ಬಿಡುತ್ತಿದ್ದಿರಾ?